ಬಸಗೊಂಡಪ್ಪ ಮಾಸ್ತರರ ವಿಜಯಪುರ

ಕಾಫಿ ಕೊಯ್ಲು ಮುಗಿದು, ಎಸ್ಟೇಟಿನ ಜೀಪುಗಳೆಲ್ಲ ಒಂದು ಸುತ್ತು ರಿಪೇರಿ ಕಂಡು ಹೋದ ಮೇಲೆ, ಮೂಡಿಗೆರೆಯ ನಿಜಾಮುದ್ದೀನನ ಗ್ಯಾರೇಜಿಗೆ ಹದಿನೈದು ದಿನ ಬಿಡುವು ಸಿಗುತ್ತದೆ. ಪ್ರತಿ ವರ್ಷ ಆ ಬಿಡುವಿನಲ್ಲಿ ಅವನು ಗ್ಯಾರೇಜಿನ ತಗಡು ಬಿಚ್ಚಿ ಮತ್ತೆ ಹೊದಿಸುತ್ತಿದ್ದ. ಈ ವರ್ಷ ಹೆಂಡತಿ ಮರಿಯಂ ಅದಕ್ಕೆ ಅವಕಾಶ ಕೊಡಲಿಲ್ಲ.

“ಈ ಸಲ ವಿಜಯಪುರ,” ಎಂದಳು.

ಮರಿಯಂ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಗೋಲ್ ಗುಂಬಜಿನ ಚಿತ್ರವನ್ನು ಶಾಲೆಯ ಪುಸ್ತಕದಲ್ಲಿ ಕಂಡ ದಿನದಿಂದ ಅವಳಿಗೊಂದು ಕುತೂಹಲ. ಒಂದು ತೋಳಿಗೆ ನೆರಿಗೆ ಕೂರಿಸಬೇಕಾದರೇ ಮೂರು ಸಲ ಬಿಚ್ಚಬೇಕು. ಅಂಥದ್ದರಲ್ಲಿ ಅಷ್ಟು ದೊಡ್ಡ ಗುಮ್ಮಟವನ್ನು ನಡುವೆ ಒಂದೂ ಕಂಬ ಕೊಡದೆ ಕೂರಿಸಿದವರ ಕೈ ಎಂಥದ್ದಿರಬೇಕು! ಮಗಳು ಶಿಫಾ ರೈಲಿನ ಟಿಕೆಟ್ ಮಾಡಿಸಿಕೊಟ್ಟಳು. ಉಳಿದದ್ದೆಲ್ಲ ಫೋನಿನಲ್ಲೇ ಸಿಗುತ್ತದೆ ಎಂದಳು. ಆದರೆ ಮರಿಯಂಗೆ ಪುಸ್ತಕವೇ ಬೇಕಿತ್ತು.

“ಪುಸ್ತಕ ಎಂಥಕ್ಕೆ ಮಾರಾಯ್ತಿ? ಕೇಳ್ಕೊಂಡು ಹೋದ್ರಾಯ್ತು,” ಎಂದ ನಿಜಾಮುದ್ದೀನ್.

“ನೀವು ಹೋದಲ್ಲೆಲ್ಲ ಕೇಳೋದು ಒಂದೇ, ಇಲ್ಲಿ ಗ್ಯಾರೇಜ್ ಎಲ್ಲುಂಟು ಅಂತ.”

ಅವನು ನಕ್ಕುಬಿಟ್ಟ. ಮಾರನೆಯ ಬೆಳಿಗ್ಗೆ ಹೇಗೂ ಕ್ಲಚ್ ಪ್ಲೇಟ್ ತರಲು ಚಿಕ್ಕಮಗಳೂರಿಗೆ ಹೋಗುವುದಿತ್ತು. ಇಬ್ಬರೂ ಬಸ್ ಹತ್ತಿದರು.

ಮಾರ್ಕೆಟ್ ಹತ್ತಿರದ ಪುಸ್ತಕದಂಗಡಿ ರುದ್ರಾಣಿಯವರದು. ಅವರು ಕನ್ನಡಕವನ್ನು ಹಣೆಗೇರಿಸಿಕೊಂಡು ಮೂರು ಪುಸ್ತಕ ತೆಗೆದು ಮುಂದಿಟ್ಟರು. ಮೊದಲನೆಯದು ನುಣ್ಣನೆ ಕಾಗದದ್ದು, ಇಡೀ ಕರ್ನಾಟಕದ್ದು, ಪುಟಪುಟಕ್ಕೂ ಬಣ್ಣದ ಚಿತ್ರ. ಮರಿಯಂ ವಿಜಯಪುರದ ಪುಟ ತೆಗೆಯಲೇ ಇಲ್ಲ. ನೇರ ತನ್ನ ಚಿಕ್ಕಮಗಳೂರು ಜಿಲ್ಲೆಯ ಪುಟಕ್ಕೆ ಹೋದಳು.

“ಅಲ್ಲಿಗೆ ಹೋಗೋದಲ್ವಲ್ಲ ಅಕ್ಕ ನೀವು?” ಎಂದರು ರುದ್ರಾಣಿ.

“ನನಗೆ ಗೊತ್ತಿರೋ ಊರಿನ ಬಗ್ಗೆ ಸರಿ ಬರ್ದಿದ್ರೆ, ಗೊತ್ತಿಲ್ಲದ್ದರ ಬಗ್ಗೆನೂ ನಂಬಬಹುದು.”

ಎರಡೇ ನಿಮಿಷ. ಕಳಸದಿಂದ ಬಾಬಾಬುಡನ್‌ಗಿರಿಗೆ ಅರ್ಧ ಗಂಟೆಯ ದಾರಿ ಎಂದಿತ್ತು ಪುಸ್ತಕ. ಮರಿಯಂ ಓದಿ ಹೇಳಿದ್ದೇ ತಡ, ಬಾಗಿಲಲ್ಲಿ ನಿಂತಿದ್ದ ನಿಜಾಮುದ್ದೀನ್ ಕ್ಲಚ್ ಪ್ಲೇಟಿನ ಸಮೇತ ಒಳಗೆ ಬಂದ.

“ಅರ್ಧ ಗಂಟೆ? ಇವ್ರು ಹೆಲಿಕಾಪ್ಟರಲ್ಲಿ ಹೋದವ್ರಾ?”

ಎರಡನೆಯದು ದಪ್ಪ. ಯಾವ ಸುಲ್ತಾನ ಯಾವಾಗ ಪಟ್ಟಕ್ಕೆ ಬಂದ, ಯಾರ ಮೇಲೆ ದಂಡೆತ್ತಿ ಹೋದ, ಎಲ್ಲ ಇತ್ತು. ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂದು ಹುಡುಕಿದರೆ ಒಂದಕ್ಷರ ಇಲ್ಲ. ಮರಿಯಂ ಅದನ್ನು ಗೌರವದಿಂದಲೇ ಬದಿಗಿಟ್ಟಳು.

ಮೂರನೆಯದು ಶಾಲೆಯ ನೋಟ್ ಪುಸ್ತಕದಷ್ಟು ತೆಳ್ಳಗಿತ್ತು. ವಿಜಯಪುರವೊಂದರದ್ದೇ. ಬರೆದವರು ನಿವೃತ್ತ ಚಿತ್ರಕಲಾ ಶಿಕ್ಷಕ ಬಸಗೊಂಡಪ್ಪ. ಕೈಯಿಂದ ಬರೆದ ನಕ್ಷೆಗಳು. “ಇಲ್ಲಿ ಮೆಟ್ಟಿಲು ಎತ್ತರ, ಮೊಣಕಾಲು ನೋವಿನವರು ಕೈಚೀಲ ಕೆಳಗೆ ಕೊಟ್ಟು ಹತ್ತಬೇಕು” ಎಂದೊಂದು ಕಡೆ. “ಇಲ್ಲಿ ಬೇವಿನ ನೆರಳಿದೆ, ಬುತ್ತಿ ಬಿಚ್ಚಲು ಒಳ್ಳೆಯ ಜಾಗ” ಎಂದು ಇನ್ನೊಂದು ಕಡೆ. ಮರಿಯಂಗೆ ಯಾರೋ ಹಿರಿಯರು ಮುಂದೆ ಮುಂದೆ ನಡೆಯುತ್ತ, ನಡುನಡುವೆ ತಿರುಗಿ ನೋಡುತ್ತ ಕರೆದೊಯ್ದಂತೆ ಆಯಿತು.

ನಿಜಾಮುದ್ದೀನ್ ಮಾತ್ರ ಕೊನೆಯ ಪುಟ ತಿರುಗಿಸಿ ಇಸವಿ ನೋಡಿದ. “ಹನ್ನೆರಡು ವರ್ಷ ಹಳೇದು. ಹಳೇ ಗಾಡಿಯ ಪುಸ್ತಕ ಇಟ್ಕೊಂಡು ಹೊಸ ಗಾಡಿ ಬಿಚ್ಚಿದ ಹಾಗಾಗ್ತದೆ.”

ಮಾತೇನೋ ಸರಿಯಾಗಿತ್ತು. ಮರಿಯಂ ಒಂದು ಕ್ಷಣ ಯೋಚಿಸಿದಳು. ಇಸವಿಯ ಕೆಳಗೇ ಲೇಖಕರ ಮೊಬೈಲ್ ನಂಬರ್ ಇತ್ತು. ಚೀಲದಿಂದ ಫೋನ್ ತೆಗೆದು ಒತ್ತಿಯೇಬಿಟ್ಟಳು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

“ಯಾರ್ರೀ?” ಎಂದಿತು ಗಡಸು ದನಿ.

ಮರಿಯಂ ತಡವರಿಸುತ್ತ ಊರು, ಹೆಸರು, ಪುಸ್ತಕದ ವಿಷಯ ಹೇಳಿದಳು. ಆ ಕಡೆಯ ದನಿ ಒಮ್ಮೆಲೇ ಏರಿತು.

“ಮೂಡಿಗೆರಿ! ನನ್ನ ಪುಸ್ತಕ ಅಲ್ಲಿ ತನಕ ಬಂದೈತೇನ್ರಿ? ಹನ್ನೆರಡು ವರ್ಷ ಆತು ತಾಯಿ, ಆ ನಂಬರಿಗೆ ನೀವಽ ಮೊದಲನೇದವ್ರು!”

“ಈಗಲೂ ಎಲ್ಲ ಇದರಲ್ಲಿದ್ದ ಹಾಗೇ ಉಂಟಾ ಸರ್?”

“ಹೆಂಗಿರ್ತೈತಿ? ಊರು ನಿಂತಲ್ಲೇ ನಿಲ್ಲೂದಿಲ್ಲಲ್ರಿ. ಕೈಯಾಗ ಪೆನ್ಸಿಲ್ ಐತೇನು? ಇಪ್ಪತ್ಮೂರನೇ ಪುಟ ತಗೀರಿ. ಬೇವಿನ ಗಿಡ ಬಿದ್ದುಹೋತು, ನೆರಳು ಅಂತ ಬರದದ್ದು ಹೊಡದುಹಾಕ್ರಿ.”

ರುದ್ರಾಣಿ ಪೆನ್ಸಿಲ್ ಕೊಟ್ಟರು. ಅಂಗಡಿಯ ನಡುವೆಯೇ ತಿದ್ದುಪಡಿ ಶುರುವಾಯಿತು. ಬಸ್ ನಿಲ್ಲುವ ಜಾಗ ಬದಲಾಗಿದೆ. ಒಂದು ಖಾನಾವಳಿ ಮುಚ್ಚಿದೆ, ಅದರ ಎದುರಿಗಿನದು ಇನ್ನೂ ಚೆನ್ನಾಗಿದೆ. ನೋಟ್‌ಬುಕ್ ಕೊಳ್ಳಲು ಬಂದಿದ್ದ ಇಬ್ಬರು ಕಾಲೇಜು ಹುಡುಗಿಯರು ಕೂಡ ನಿಂತು ಕೇಳಿದರು. ಅರ್ಧ ಗಂಟೆಯ ಮೇಲೆ ಮಾಸ್ತರರು ದಣಿದು, “ಉಳದದ್ದು ನನಗೂ ಗೊತ್ತಿಲ್ರಿ,” ಎಂದರು. “ಸೊಂಟ ಮುರಕೊಂಡು ಎರಡು ವರ್ಷಾತು, ಓಣಿ ದಾಟಿಲ್ಲ. ನೀವು ಹೋದಾಗ ನೋಡಿ ನನಗಽ ಹೇಳ್ರಿ. ಹಂಗಽ ಮನಿಗೆ ಬರ್ರಿ.”

ತನ್ನ ತಪ್ಪನ್ನು ತಾನೇ ತೋರಿಸಿಕೊಟ್ಟ ಮನುಷ್ಯನ ಪುಸ್ತಕವನ್ನು ಬಿಟ್ಟು ಬೇರೆಯದನ್ನು ಕೊಳ್ಳುವ ಮಾತೇ ಇರಲಿಲ್ಲ. ಮರಿಯಂ ತಿರುಗಿ ನೋಡಿದರೆ ನಿಜಾಮುದ್ದೀನ್ ಆಗಲೇ ಅದನ್ನು ಕ್ಲಚ್ ಪ್ಲೇಟಿನ ಚೀಲಕ್ಕೆ ಹಾಕುತ್ತಿದ್ದ.

ವಿಜಯಪುರದಲ್ಲಿ ಇಳಿದ ಮೇಲೆ ಮರಿಯಂ ಕಂಡದ್ದು ಬೇರೆಯೇ ಗಂಡನನ್ನು. ಪುಸ್ತಕ ಅವನ ಕೈ ಬಿಡುತ್ತಿರಲಿಲ್ಲ. ಗೋಲ್ ಗುಂಬಜಿನಲ್ಲಿ ಮಾತ್ರ ಅದನ್ನು ಮುಚ್ಚಿದ. ಇಬ್ಬರೂ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುತ್ತ ನಿಂತರು. ಗೋಡೆಗಳು ಎಲ್ಲಿ ಬಾಗಿ ಗುಮ್ಮಟವಾಗುತ್ತವೆ ಎಂದು ಮರಿಯಂ ಬೆರಳಿನಿಂದ ಗಾಳಿಯಲ್ಲೇ ಗೆರೆ ಎಳೆದು ಹುಡುಕಿದಳು. ಕಮಾನೊಂದು ಇನ್ನೊಂದರ ಮೇಲೆ ಹಾಯ್ದು ಹೋಗುವ ಜಾಗ ಸಿಕ್ಕಾಗ, ಕಷ್ಟದ ಬಟ್ಟೆಯ ಒಳಹೊಲಿಗೆ ಕಂಡಷ್ಟು ಸಂತೋಷವಾಯಿತು. ಅಲ್ಲಿಂದ ಹೊರಬಿದ್ದದ್ದೇ ನಿಜಾಮುದ್ದೀನನ ತನಿಖೆ ಮತ್ತೆ ಶುರು. ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ನೋಡಿದ. ನಕ್ಷೆಯ ಹೆಜ್ಜೆಗಳನ್ನು ತಾನೇ ನಡೆದು ಅಳೆದ. ಹಳೆಯ ಕಾವಲು ಗೋಪುರವಾದ ಉಪ್ಪಲಿ ಬುರುಜಿನ ಹೊರಮೈ ಸುತ್ತಿಕೊಂಡು ಹೋಗುವ ಮೆಟ್ಟಿಲುಗಳನ್ನು ಎಣಿಸಿದಾಗ, ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಒಂದು ಜಾಸ್ತಿ ಬಂತು.

ಸಂಜೆ ಮಾಸ್ತರರ ಮನೆಗೆ ಹೋದರು. ಸೊಸೆ ಚಹಾ ತಂದಳು. ತೆಳ್ಳನೆಯ, ಬಿಳಿ ಮೀಸೆಯ ಮಾಸ್ತರರು ನಿಜಾಮುದ್ದೀನ್ ಹೇಳಿದ ಬದಲಾವಣೆಗಳ ಪಟ್ಟಿಯನ್ನೆಲ್ಲ ತಲೆದೂಗಿ ಬರೆದುಕೊಂಡರು. ಮೆಟ್ಟಿಲಿನ ಲೆಕ್ಕ ಬಂದಾಗ ಪೆನ್ನು ನಿಂತಿತು.

“ಆಗೂದಿಲ್ಲ. ನಾ ಎಣಿಸಿದ್ದು ಒಮ್ಮೆ ಅಲ್ಲ, ನಾಕು ಸರ್ತಿ.”

“ನಾನೂ ಎರಡು ಸಲ ಎಣಿಸಿದ್ದೇನೆ ಸರ್,” ಎಂದ ನಿಜಾಮುದ್ದೀನ್.

“ತಪ್ಪು ಎಣಿಸೀರಿ.”

“ಹಾಗಾದ್ರೆ ನಾಳೆ ಬನ್ನಿ, ನಿಮ್ಮೆದುರಿಗೇ ಎಣಿಸ್ತೇನೆ.”

ಮರಿಯಂ ಗಂಡನ ತೋಳು ಜಗ್ಗಿದಳು. ಆದರೆ ಮಾಸ್ತರರು ಆಗಲೇ ಸೊಸೆಗೆ ಕೋಲು ಹುಡುಕಲು ಹೇಳುತ್ತಿದ್ದರು. ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. “ಎರಡು ವರ್ಷ ಡಾಕ್ಟರ್ ಹೊರಗ ಅಡ್ಡಾಡ್ರಿ ಅಂತ ಹೇಳಿದ್ರೂ ಕೇಳ್ಲಿಲ್ರಿ, ಅಕ್ಕಾರ. ಈಗ ನೋಡ್ರಿ!”

ಬೆಳಿಗ್ಗೆ ಬಿಸಿಲೇರುವ ಮುನ್ನ ಟಾಂಗಾ ಬಂತು. ನಿಜಾಮುದ್ದೀನ್ ಮಾಸ್ತರರನ್ನು ಗಾಜಿನ ಸಾಮಾನಿನಂತೆ ಎತ್ತಿ ಕೂರಿಸಿದ. ದಾರಿಯುದ್ದಕ್ಕೂ ಅವರು ಕೋಲಿನಿಂದ ಅತ್ತ ಇತ್ತ ತೋರಿಸುತ್ತ, ಹಳೆಯ ವಿದ್ಯಾರ್ಥಿಗಳನ್ನು ಹೆಸರು ಹಿಡಿದು ಕೂಗುತ್ತ ಬಂದರು. ಬುರುಜಿನ ಬುಡದಲ್ಲಿ ಇಬ್ಬರೂ ಒಂದು ಹಾಸುಗಲ್ಲಿನ ಮುಂದೆ ನಿಂತು ಜಗಳ ತೆಗೆದರು. ಇದು ಮೆಟ್ಟಿಲು ಹೌದೋ ಅಲ್ಲವೋ?

“ಇದು ನೆಲ,” ಎಂದರು ಮಾಸ್ತರರು.

“ಕಾಲು ಎತ್ತಿ ಇಡ್ಬೇಕಲ್ಲ ಸರ್? ಎತ್ತಿ ಇಟ್ರೆ ಮೆಟ್ಟಿಲು!”

“ಸಾಕು,” ಎಂದಳು ಮರಿಯಂ. “ನಾನೇ ಎಣಿಸಿ ಬರ್ತೇನೆ. ನಾನು ಹೇಳಿದ್ದೇ ಲೆಕ್ಕ.”

ಮೊಣಕಾಲಿಗೆ ಕೈಯೂರಿ, ಒಂದೊಂದೇ ಮೆಟ್ಟಿಲಿಗೆ ಉಸಿರು ತೆಗೆದುಕೊಳ್ಳುತ್ತ ಹತ್ತಿದಳು. ಮೂವತ್ತರವರೆಗೆ ಲೆಕ್ಕ ಸರಿಯಾಗಿತ್ತು. ಆಮೇಲೆ ಗೋಡೆ ಸುತ್ತಿ ಬಂದಾಗ ಗಾಳಿ ಬೀಸಿತು. ಇಡೀ ಊರು ಕೆಳಗೆ ತೆರೆದುಕೊಂಡಿತು. ಬಿಳಿ ಮನೆಗಳು, ಕಪ್ಪು ಕಮಾನುಗಳು, ಹಸಿರು ಬೇವು, ದೂರದಲ್ಲಿ ಎಲ್ಲಕ್ಕಿಂತ ಮೇಲೆ ಆ ಗುಮ್ಮಟ. ಬೆಟ್ಟಗಳ ನಡುವೆ ಹುಟ್ಟಿದವಳಿಗೆ ಅಷ್ಟು ದೂರದವರೆಗೆ ಏನೂ ಅಡ್ಡವಿಲ್ಲದೆ ಕಂಡದ್ದು ಅದೇ ಮೊದಲು. ತುದಿ ತಲುಪಿ, ಉದ್ದನೆಯ ಫಿರಂಗಿಯ ಪಕ್ಕ ನಿಂತು ನೋಡಿಯೇ ನೋಡಿದಳು.

“ಎಷ್ಟಾಯ್ತು?” ಎಂದು ಕೆಳಗಿನಿಂದ ಗಂಡ ಕೂಗಿದ.

“ಎಷ್ಟ್ರೀ ತಾಯಿ?” ಎಂದು ಮಾಸ್ತರರೂ ಕೂಗಿದರು.

“ಮರ್ತೇ ಹೋಯ್ತು!” ಎಂದು ಮರಿಯಂ ಜೋರಾಗಿ ನಕ್ಕಳು.

ಕೆಳಗೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲು ನಕ್ಕದ್ದು ಮಾಸ್ತರರು. ಅವಳು ಇಳಿದು ಬರುವಷ್ಟರಲ್ಲಿ ಅವರಿಬ್ಬರೂ ಜಗಳದ ಆ ಹಾಸುಗಲ್ಲಿನ ಮೇಲೇ ಒತ್ತಾಗಿ ಕುಳಿತು, ಸೊಸೆ ಕಟ್ಟಿಕೊಟ್ಟಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದ್ದರು. ಅವಳಿಗೂ ಜಾಗ ಬಿಟ್ಟಿದ್ದರು.