ನಾಲ್ಕು ಮನೆಯ ಸ್ವರ

ಎಲಿಡೆಯ ಅಡುಗೆಮನೆಯ ಮೇಜಿನ ಮೇಲೆ ಮೂರರ ಬದಲು ನಾಲ್ಕು ತಟ್ಟೆಗಳನ್ನು ಕಂಡು ಒರ್ನೆಲ್ಲಾ ಮತ್ತೊಮ್ಮೆ ಎಣಿಸಿದಳು.

"ಅಕ್ಕ, ಇನ್ಯಾರು ಬರ್ತಿದಾರೆ?"

"ಇನ್ಯಾರು, ಅಲ್ವಾರೊ. ಅಮೆರಿಕದವನು ಸಮುದ್ರ ದಾಟಿ ಬರ್ತಾನಂತೆ, ಎದುರುಮನೆಯವನಿಗೆ ರಸ್ತೆ ದಾಟೋಕಾಗಲ್ವಾ?" ಎಲಿಡೆ ಒಲೆಯ ಬಾಗಿಲು ತೆರೆದು ವಿಂಚಿಸ್ಗ್ರಾಸ್ಸಿ ಪಾಸ್ತಾದ ಮೇಲ್ಪದರ ಕೆಂಪಗಾಯಿತೇ ಎಂದು ಬಗ್ಗಿ ನೋಡಿದಳು. "ಬೆಳಗ್ಗೆಯಿಂದ ಕೂದಲಿಗೆ ಬಣ್ಣ ಹಚ್ಕೊಂಡು ಕೂತಿದಾನಂತೆ. ಮದುಮಗ!"

ಬೇರೆ ದಿನವಾಗಿದ್ದರೆ ಒರ್ನೆಲ್ಲಾ ನಗುತ್ತಿದ್ದಳು. ಇವತ್ತು ಕುರ್ಚಿಯ ಬೆನ್ನು ಹಿಡಿದು ನಿಂತಳು.

ಒರ್ನೆಲ್ಲಾಳದು ಒಂದು ಬಗೆಯಲ್ಲಿ ಸಂಬಂಧ ಕುದುರಿಸುವ ಕೆಲಸ. ಇಟಲಿಯ ಅಂಕೋನಾ ನಗರದ ಕುಶಲಕರ್ಮಿಗಳ ಸಂಘದಲ್ಲಿ ಅವಳಿಗೊಂದು ಮೇಜು. ಈ ಕಡೆಯ ಸಣ್ಣ ಕಾರ್ಖಾನೆಗೆ ಅಮೆರಿಕದಲ್ಲಿ ತಕ್ಕ ಜೊತೆ ಹುಡುಕುವುದು, ಇಬ್ಬರನ್ನೂ ಪರದೆಯ ಮೇಲೆ ಭೇಟಿ ಮಾಡಿಸುವುದು, ನಡುವೆ ಕೂತು ಮಾತು ದಾಟಿಸುವುದು. ದೊಡ್ಡ ಓದು ಓದಿ ಬಂದವಳಲ್ಲ. ಹಗಲು ಅಕಾರ್ಡಿಯನ್ ಕಾರ್ಖಾನೆಯಲ್ಲಿ ಪೆಟ್ಟಿಗೆ ಕಟ್ಟುತ್ತ, ಸಂಜೆ ತರಗತಿಯಲ್ಲಿ ಇಂಗ್ಲಿಷ್ ಕಲಿತವಳು. ಇಂದಿಗೂ ಒಂದು ಇಮೇಲ್ ಕಳಿಸಿದ ಮೇಲೆ ಮತ್ತೆ ಮತ್ತೆ ತೆರೆದು ಓದುತ್ತಾಳೆ. ಎಲ್ಲಿ ತಪ್ಪಿದೆನೋ ಎಂಬ ಅಂಜಿಕೆ ಅವಳ ಬೆನ್ನು ಬಿಟ್ಟದ್ದೇ ಇಲ್ಲ. ಅಂಥವಳೇ ಕಳೆದ ವಸಂತದಲ್ಲಿ ಒಂದು ಸುಳ್ಳು ಹೇಳಿದ್ದಳು.

ಕಾಸ್ತೆಲ್‌ಫಿದಾರ್ದೊ ಎಂಬ ಈ ಊರಿನ ಗುಡ್ಡದ ಮೇಲೆ ಹುಟ್ಟಿದವರಿಗೆಲ್ಲ ಗೊತ್ತಿರುವ ಸಂಗತಿ: ಅಕಾರ್ಡಿಯನ್ನಿನೊಳಗೆ ಗಾಳಿಗೆ ಮಿಡಿದು ಸ್ವರ ಹೊರಡಿಸುವ ರೀಡನ್ನು ಯಾರೂ ಒಬ್ಬರೇ ಮಾಡುವುದಿಲ್ಲ. ಎಲಿಡೆಯ ಮನೆಯಲ್ಲಿ ಉಕ್ಕಿನ ನಾಲಿಗೆ ಕತ್ತರಿಸುತ್ತಾರೆ. ಇಳಿಜಾರಿನ ಮನೆಯವರು ಅದನ್ನು ಲೋಹದ ಪಟ್ಟಿಗೆ ಬಡಿದು ಕೂರಿಸುತ್ತಾರೆ. ಚರ್ಚಿನ ಹಿಂದಿನವರು ಗಾಳಿ ತಡೆಯಲು ತೊಗಲು ಅಂಟಿಸುತ್ತಾರೆ. ಕೊನೆಗೆ ಅಲ್ವಾರೊ ಅರ ಹಿಡಿದು, ಕೂದಲೆಳೆಯಷ್ಟು ಉಜ್ಜಿ, ಕಿವಿಗೊಟ್ಟು, ಮತ್ತೆ ಉಜ್ಜಿ ಶ್ರುತಿ ಕೂಡಿಸುತ್ತಾನೆ. ಹೀಗೆ ನಾಲ್ಕು ಮನೆ ಸುತ್ತಿದ ಮೇಲೆ ಅದು ಎಲಿಡೆಯ ಹೆಸರಿನ ಪೆಟ್ಟಿಗೆ ಸೇರುತ್ತದೆ. ಇದನ್ನು ಯಾರೂ ಗುಟ್ಟೆಂದು ತಿಳಿದಿಲ್ಲ. ಗಿರಣಿಯಲ್ಲಿ ಹಿಟ್ಟು ಬೀಸಿಸಿಕೊಂಡು ಬಂದವಳು ರೊಟ್ಟಿ ತನ್ನದು ಎನ್ನುವುದಿಲ್ಲವೇ, ಹಾಗೆ.

ಆದರೆ ಒರ್ನೆಲ್ಲಾ ಇದನ್ನು ಬಿಡಿಸಿ ಹೇಳಿದಾಗಲೆಲ್ಲ ಸಂಬಂಧ ಮುರಿದಿತ್ತು. "ಅಂದ್ರೆ ಆಯಮ್ಮ ಮಧ್ಯವರ್ತಿನಾ? ನಮಗೆ ಮಾಡೋರು ಬೇಕು" ಎಂದು ಒಬ್ಬ ಹೋದ. ಇನ್ನೊಬ್ಬಳು ಉತ್ತರಿಸುವುದನ್ನೇ ನಿಲ್ಲಿಸಿದಳು. ಇತ್ತ ಊರಿನ ದೊಡ್ಡ ಕಾರ್ಖಾನೆಗಳೆಲ್ಲ ಯಂತ್ರದ ರೀಡಿಗೆ ತಿರುಗಿದ್ದವು. ಇದೂ ಕೂಡಿಬರದಿದ್ದರೆ ಕ್ರಿಸ್ಮಸ್ಸಿಗೆ ಮುಂಚೆ ಬಾಗಿಲು ಹಾಕುತ್ತೇನೆ ಎಂದು ಎಲಿಡೆ ಹೇಳಿಬಿಟ್ಟಿದ್ದಳು. ಹಾಗಿರುವಾಗ ಸಿಕ್ಕವನು ಕ್ಲೀವ್‌ಲ್ಯಾಂಡಿನ ಡ್ವೇನ್ ಕೊಸೆಕ್. ಗುಂಡಿ ಅಕಾರ್ಡಿಯನ್ ಮಾಡುವ, ಹಳೆಯದನ್ನು ದುರಸ್ತಿ ಮಾಡುವ ಸಣ್ಣ ಅಂಗಡಿಯವನು. ಪರದೆಯ ಮೇಲೆ ಅವನು ಕೇಳಿದ್ದ: "ಮೊದಲಿಂದ ಕೊನೇವರೆಗೂ ಈ ಅಮ್ಮನೇ ಮಾಡೋದಾ? ಇವರ ಕೈಯಿಂದಲೇ?"

ಎಲಿಡೆ ಆಗ ಕಾಫಿ ಉಕ್ಕಿತೆಂದು ಒಳಗೆ ಓಡಿದ್ದಳು. ಒರ್ನೆಲ್ಲಾ "ಹೌದು" ಎಂದುಬಿಟ್ಟಳು.

ಆಮೇಲೆ ತಿದ್ದಿದರಾಯಿತು ಎಂದುಕೊಂಡಿದ್ದಳು. ಡ್ವೇನ್ ಅದನ್ನು ತನ್ನ ಗಿರಾಕಿಗಳಿಗೆಲ್ಲ ಹೇಳಿಕೊಂಡು ಬಂದ: ಇಟಲಿಯ ಒಂದು ಗುಡ್ಡ, ಒಬ್ಬ ಹೆಂಗಸು, ಎರಡು ಕೈ. ಮಾದರಿಗೆ ಕಳಿಸಿದ ರೀಡುಗಳನ್ನು ಮೆಚ್ಚಿದ. ಈಗ ಕೈ ಕುಲುಕಿ ಒಪ್ಪಂದ ಮಾಡಿಕೊಳ್ಳಲು ಖುದ್ದಾಗಿ ಬರುತ್ತಿದ್ದ. ಎಲಿಡೆಗೆ ಇದೊಂದೂ ತಿಳಿಯದು.

ಡ್ವೇನ್ ಬಂದ. ಆನೆಯಂಥ ಆಳು, ಮಾತು ಮಾತ್ರ ಮೆಲು. ಬಗಲಲ್ಲಿ ಅಪ್ಪನ ಕಾಲದ ಗುಂಡಿ ಅಕಾರ್ಡಿಯನ್ನಿನ ಪೆಟ್ಟಿಗೆ. ಬಾಗಿಲಲ್ಲೇ ಎಲಿಡೆಯ ಎರಡೂ ಕೈ ಹಿಡಿದು ದಿಟ್ಟಿಸಿ ನೋಡಿದ.

"ಏನೇ ಇವನು, ಕೈ ನೋಡಿ ಭವಿಷ್ಯ ಹೇಳ್ತಾನಾ?" ಎಂದಳು ಎಲಿಡೆ.

"ಸ್ವಾಗತ ಅಂತಿದಾರೆ" ಎಂದು ಒರ್ನೆಲ್ಲಾ ಅವನಿಗೆ ದಾಟಿಸಿದಳು.

ಅಷ್ಟರಲ್ಲಿ ಅಲ್ವಾರೊ ರಸ್ತೆ ದಾಟಿ ಬಂದ. ಕೆನೆಬಣ್ಣದ ಸೂಟು, ಕಾಗೆಗಪ್ಪಿನ ತಲೆ, ಕಂಕುಳಲ್ಲಿ ವೆರ್ದಿಕ್ಕಿಯೊ ವೈನಿನ ಬಾಟಲಿ. ಎಪ್ಪತ್ತು ದಾಟಿದ್ದರೂ ನಡಿಗೆಯಲ್ಲಿ ಠೀವಿ ಇಳಿದಿರಲಿಲ್ಲ. ಹರೆಯದಲ್ಲಿ ಪ್ರವಾಸಿ ಹಡಗುಗಳಲ್ಲಿ ಅಕಾರ್ಡಿಯನ್ ನುಡಿಸಿದವನು. ಅಲ್ಲಿ ಕಲಿತ ಇಂಗ್ಲಿಷನ್ನು ಇವತ್ತಿಗೂ ಒಗೆದು ಮಡಿಚಿಟ್ಟಂತೆ ಜೋಪಾನ ಮಾಡಿದ್ದ. ಸಂಜೆ ತರಗತಿಯ ದಿನಗಳಲ್ಲಿ ಒರ್ನೆಲ್ಲಾಳನ್ನು ಎದುರಿಗೆ ಕೂರಿಸಿಕೊಂಡು, ಅವಳ ನಾಲಿಗೆ ತಿರುಗುವವರೆಗೂ ಮಾತಾಡಿಸಿದವನು ಅವನೇ.

"ಏನ್ ಹುಡುಗಿ, ಹೆದರ್ಕೊಂಡಿದೀಯಾ?" ಎಂದು ಅವಳ ಕೆನ್ನೆ ತಟ್ಟಿದ. "ನಿನಗೆ ಮಾತು ತಡವರಿಸಿದ್ರೆ ನಾನಿದೀನಿ."

ಎಲಿಡೆ ಅವನ ತೋಳು ಹಿಡಿದು ಅತಿಥಿಯ ಮುಂದೆ ನಿಲ್ಲಿಸಿದಳು. "ಹೇಳೇ ಒರ್ನೆ, ಅವನಿಗೆ ಸರಿಯಾಗಿ ಹೇಳು. ಇವನು ಅಲ್ವಾರೊ. ನಾವು ಮೂರು ಮನೆಯವರು ಮಾಡೋದು ಬರೀ ತಗಡು. ಅದಕ್ಕೆ ಸ್ವರ ಕೊಡೋನು ಇವನು. ತಲೆಗೆ ಬಣ್ಣ ಹಚ್ತಾನೆ ಅನ್ನೋದನ್ನ ಹೇಳ್ಬೇಡ."

ಡ್ವೇನ್ ನಗುಮುಖದಿಂದ ಒರ್ನೆಲ್ಲಾಳ ಕಡೆ ತಿರುಗಿದ. ಅಲ್ವಾರೊ ಕೋಟಿನ ಗುಂಡಿ ಸರಿಮಾಡಿಕೊಂಡ. ಈಗಲೇ ಹೇಳಿಬಿಡು ಎಂದು ಅವಳ ಮನಸ್ಸು ಹೇಳಿತು. ಎಲಿಡೆಯ ಮುಚ್ಚಿದ ಬಾಗಿಲು ಕಣ್ಣಮುಂದೆ ಬಂತು. ಅದಕ್ಕಿಂತ ಮೊದಲು, ಸುಳ್ಳುಗಾರ್ತಿ ಎಂದು ಡ್ವೇನ್ ತನ್ನನ್ನು ನೋಡುವ ನೋಟ ಬಂತು. ಯಾವುದು ಮೊದಲು ಬಂದದ್ದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಇವರು ಅಲ್ವಾರೊ," ಎಂದಳು ಇಂಗ್ಲಿಷಿನಲ್ಲಿ. "ಎದುರುಮನೆಯವರು. ನಿಮಗೋಸ್ಕರ ವೈನ್ ತಂದಿದಾರೆ."

ಅಲ್ವಾರೊನ ಕೈ ಗುಂಡಿಯ ಮೇಲೇ ನಿಂತಿತು. ಅವನು ಒರ್ನೆಲ್ಲಾಳನ್ನು ನೋಡಿದ. ಅವಳು ತಲೆ ತಗ್ಗಿಸಲೂ ಆಗದೆ, ಅವನ ಕಣ್ಣು ಎದುರಿಸಲೂ ಆಗದೆ ಅವನ ಟೈಯ ಗಂಟನ್ನು ನೋಡುತ್ತ ನಿಂತಳು. ಅವನು ಡ್ವೇನನ ಕೈ ಕುಲುಕಿ, ಹಡಗಿನ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಹೇಳಿದ: "ಹೌದು. ಎದುರುಮನೆ. ಸುಸ್ವಾಗತ."

ಅಷ್ಟೇ. ಆಮೇಲೆ ಬಾಟಲಿ ಬಿಚ್ಚಿ ಎಲ್ಲರ ಲೋಟಕ್ಕೂ ಬಗ್ಗಿಸಿ, ಮೇಜಿನ ತುದಿಯ ಕುರ್ಚಿಯಲ್ಲಿ ಕೂತ.

ಊಟ ನಡೆಯಿತು. ಎಲಿಡೆ ಎರಡನೇ ಸಲ ಬಡಿಸಿ, ಬೇಡವೆಂದರೂ ಮೂರನೇ ಸಲ ಬಡಿಸಿದಳು. ಡ್ವೇನ್ ಫೋನು ತೆಗೆದು, ಅಮ್ಮ ಶ್ರುತಿ ಕೂಡಿಸುತ್ತಿರುವ ಹಾಗೆ ಒಂದು ಫೋಟೊ ಬೇಕು ಎಂದ.

"ನಾನು ಅರ ಹಿಡಿಯೋದಾ?" ಎಲಿಡೆ ಗಹಗಹಿಸಿದಳು. "ನಾನು ಮುಟ್ಟಿದ್ರೆ ಕೋಳಿ ಕೂಗಿದ ಹಾಗೆ ಕೂಗುತ್ತೆ ಅದು. ಅಲ್ವಾರೊನದು ತೆಗೀಲಿ, ಸೂಟು ಬೇರೆ ಹಾಕಿದಾನೆ, ಪುಣ್ಯಾತ್ಮ."

"ಫೋಟೊ ಅಂದ್ರೆ ಅವರಿಗೆ ನಾಚಿಕೆ" ಎಂದು ಒರ್ನೆಲ್ಲಾ ದಾಟಿಸಿದಳು.

ಅಲ್ವಾರೊ ಬಾಯಿ ಒರೆಸಿಕೊಂಡು ಎದ್ದ. ಒಲೆಯ ಮೇಲೆ ಏನೋ ಇಟ್ಟು ಬಂದೆ ಎಂದ. ಕುರ್ಚಿಯನ್ನು ಸದ್ದಾಗದಂತೆ ಮೇಜಿನೊಳಕ್ಕೆ ತಳ್ಳಿ, ಡ್ವೇನನಿಗೆ ತಲೆಬಾಗಿ ಹೊರಟುಹೋದ.

"ಏನಾಯ್ತೇ ಇವನಿಗೆ? ಕಾಫಿನೂ ಕುಡೀಲಿಲ್ಲ. ಇವನ ಮನೇಲಿ ಒಲೆ ಹತ್ತಿಸಿದ್ದು ಯಾವಾಗ?"

ಒರ್ನೆಲ್ಲಾ ಅವನ ತಟ್ಟೆ ಎತ್ತಿಟ್ಟಳು. ಡ್ವೇನ್ ಆಗ ತನ್ನ ಪೆಟ್ಟಿಗೆ ಬಿಚ್ಚಿ ಅಪ್ಪನ ಅಕಾರ್ಡಿಯನ್ ತೊಡೆಯ ಮೇಲಿಟ್ಟುಕೊಂಡಿದ್ದ. ಮಾದರಿಯ ರೀಡುಗಳನ್ನು ಅದಕ್ಕೇ ಕೂರಿಸಿದ್ದನಂತೆ. ತಿದಿ ಎಳೆದು ಒಂದೇ ಒಂದು ಸ್ವರ ಹಿಡಿದ. ಅದು ಅಡುಗೆಮನೆಯ ಗಾಜಿನ ಸಾಮಾನುಗಳನ್ನೆಲ್ಲ ಮೆಲ್ಲಗೆ ಮುಟ್ಟಿ ಬಂದಂತೆ ತುಂಬಿ ನಿಂತಿತು.

"ಅಪ್ಪ ಹೋದ ಮೇಲೆ ಇದು ಹೀಗೆ ಮಾತಾಡಿರಲಿಲ್ಲ," ಎಂದ ಡ್ವೇನ್. ಅಂಗೈಯಿಂದ ಕಣ್ಣೊರೆಸಿಕೊಂಡ. ಮತ್ತೆ ಎಲಿಡೆಯ ಕೈ ಹಿಡಿದ. "ದಯವಿಟ್ಟು ಅವರಿಗೆ ಹೇಳಿ. ಈ ಕೈಗಳಿಗೆ ನಾನು ಋಣಿ. ಈ ಶ್ರುತಿಗೆ."

ಎಲಿಡೆ ಕಾದಳು. "ಏನಂತೆ? ಅಳ್ತಿದಾನಲ್ಲೇ ಪಾಪ."

ಸುಳ್ಳನ್ನು ಹೇಳುವುದು ಒಂದು. ಒಬ್ಬನಿಗೆ ಸಲ್ಲಬೇಕಾದ ಕಣ್ಣೀರನ್ನು ಇನ್ನೊಬ್ಬರ ಮಡಿಲಿಗೆ ಸುರಿಯುವುದು ಇನ್ನೊಂದು. ಒರ್ನೆಲ್ಲಾ ತಮ್ಮ ಊರಿನ ಮಾತಿನಲ್ಲೇ ಹೇಳಿದಳು: "ಶ್ರುತಿಗೆ ಕೃತಜ್ಞತೆ ಹೇಳ್ತಿದಾರೆ ಅಕ್ಕ. ನೀವೇ ಮಾಡಿದ್ದು ಅಂದ್ಕೊಂಡಿದಾರೆ. ಎಲ್ಲಾನೂ ನೀವೊಬ್ರೇ ಮಾಡೋದು ಅಂತ ನಾನು ಹೇಳಿದ್ದೆ. ಈಗ ಅಲ್ವಾರಣ್ಣನ ಎದುರಿಗೂ... ಬರೀ ಎದುರುಮನೆಯವರು ಅಂದೆ."

ಎಲಿಡೆ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡಳು.

"ಅವನ ಎದುರಿಗೆ? ಇಂಗ್ಲಿಷಲ್ಲಿ?"

"ಹೂಂ."

"ನಾನು ಯಾವತ್ತಾದ್ರೂ ಇನ್ನೊಬ್ಬರ ದುಡಿಮೆ ತಿಂದಿದೀನೇನೇ? ನಾಳೆ ಬ್ರೆಡ್ಡಿಗೆ ಹೋದಾಗ ಈ ಬೀದೀಲಿ ಯಾವ ಮುಖ ಹೊತ್ಕೊಂಡು ನಡೀಲಿ?" ಅವಳ ದನಿ ಏರಲಿಲ್ಲ. ಏರಿದ್ದರೆ ಒರ್ನೆಲ್ಲಾಳಿಗೆ ಹಗುರವಾಗುತ್ತಿತ್ತು. "ಹೇಳು ಅವನಿಗೆ. ಈಗಲೇ."

"ಅಕ್ಕ, ಒಪ್ಪಂದ..."

"ಹೇಳು ಅಂದೆ."

ಒರ್ನೆಲ್ಲಾ ಹೇಳಿದಳು. ನಾಲ್ಕು ಮನೆ, ಯಾರು ಏನು ಮಾಡುತ್ತಾರೆ, ತಾನು ಯಾಕೆ ಹೌದೆಂದೆ. ಕಲಿತ ಇಂಗ್ಲಿಷೆಲ್ಲ ಎಲ್ಲಿಗೋ ಹೋಗಿ, ಮೊದಲ ತರಗತಿಯವಳ ಹಾಗೆ ತೊದಲಿದಳು. ಡ್ವೇನ್ ಅಕಾರ್ಡಿಯನ್ನಿನ ಪಟ್ಟಿ ಬಿಗಿದ. ಅವನ ಕಿವಿ ಕೆಂಪೇರಿತ್ತು.

"ನಾನು ಎಲ್ಲರಿಗೂ ಹೇಳಿಬಿಟ್ಟಿದೀನಿ," ಎಂದ. ಅಕಾರ್ಡಿಯನ್ನನ್ನು ಪೆಟ್ಟಿಗೆಗೆ ಇಳಿಸಿ, "ಆ ಯಜಮಾನರಿಗೆ ನಾನು ವೈನಿಗೆ ಮಾತ್ರ ಥ್ಯಾಂಕ್ಸ್ ಹೇಳಿದೆ" ಎಂದ.

ಎಲಿಡೆ ಏಪ್ರನ್ನಿನಲ್ಲೇ ರಸ್ತೆಗಿಳಿದಳು. ಡ್ವೇನ್ ಪೆಟ್ಟಿಗೆ ಹೊತ್ತು ಹಿಂದೆ ನಡೆದ. ಒರ್ನೆಲ್ಲಾ ಎಲ್ಲರ ಹಿಂದೆ.

ಅಲ್ವಾರೊ ಆಗಲೇ ಸೂಟು ಕಳಚಿ, ಹಳೆಯ ಸ್ವೆಟರು ತೊಟ್ಟು ಕೆಲಸದ ಮೇಜಿಗೆ ಕೂತಿದ್ದ. ಬಾಗಿಲು ತೆರೆದೇ ಇತ್ತು. ಎಲಿಡೆ ಹೊಸ್ತಿಲಲ್ಲಿ ನಿಂತು, "ನನಗೆ ಗೊತ್ತಿರಲಿಲ್ಲ ಕಣೋ. ನಮ್ಮಮ್ಮನಾಣೆ" ಎಂದಳು.

"ನಿನಗೆ ಗೊತ್ತಿರಲ್ಲ ಅಂತ ನನಗೆ ಗೊತ್ತು."

"ಅಲ್ವಾರಣ್ಣ," ಒರ್ನೆಲ್ಲಾ ಮುಂದೆ ಬಂದಳು. "ನಾನು..."

ಅವನು ಅರವನ್ನು ಕೆಳಗಿಟ್ಟ. "ಉಚ್ಚಾರಣೆ ಚೆನ್ನಾಗಿತ್ತು ಮಗು. ಒಂದಕ್ಷರ ತಪ್ಪಲಿಲ್ಲ." ಕುಹಕವಿಲ್ಲದೆ ಹೇಳಿದ, ಅದೇ ಅವಳಿಗೆ ಹೆಚ್ಚು ತಾಗಿತು. ಆಮೇಲೆ ಅವಳನ್ನು ದಾಟಿ ನೋಡಿ, ಡ್ವೇನನನ್ನು ಇಂಗ್ಲಿಷಿನಲ್ಲಿ ಕರೆದ: "ಒಳಗೆ ಬನ್ನಿ. ಅದನ್ನ ಇಲ್ಲಿ ಇಡಿ. ಮೂರನೇ ಗುಂಡಿಯ ಶ್ರುತಿ ಸ್ವಲ್ಪ ಇಳಿದಿದೆ, ಆಗಲೇ ನನ್ನ ಕಿಟಕೀವರೆಗೂ ಕೇಳಿಸ್ತು."

ಡ್ವೇನ್ ಬಗ್ಗಿ ಒಳಗೆ ಹೋದ. ಇಬ್ಬರ ತಲೆಗಳೂ ಅಕಾರ್ಡಿಯನ್ನಿನ ಮೇಲೆ ಕೂಡಿದವು. ಒರ್ನೆಲ್ಲಾ ದಾಟಿಸಬೇಕಾದ ಮಾತು ಒಂದೂ ಇರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು.

"ಪಾತ್ರೆ ಬಿದ್ದಿವೆ" ಎಂದಳು ಎಲಿಡೆ, ಅವಳ ಕಡೆ ತಿರುಗದೆ.

ಒರ್ನೆಲ್ಲಾ ಹೋಗಿ ತಟ್ಟೆಗಳನ್ನು ತೊಳೆದಳು. ಎದುರುಮನೆಯಿಂದ ಒಂದೇ ಸ್ವರ ಮತ್ತೆ ಮತ್ತೆ ಕೇಳುತ್ತಿತ್ತು. ನಿಲ್ಲುವುದು, ಅರದ ಸಪ್ಪಳ, ಮತ್ತೆ ಸ್ವರ. ಗಂಡಸಿನ ನಗುವೂ ಒಮ್ಮೆ ಕೇಳಿತು. ಯಾರದೆಂದು ತಿಳಿಯಲಿಲ್ಲ.

ಬಹಳ ಹೊತ್ತಿನ ಮೇಲೆ ಎಲಿಡೆ ಬಂದು ಕುರ್ಚಿಯಲ್ಲಿ ಕುಸಿದಳು.

"ಊರಿಗೆ ಹೋಗಿ ಗಿರಾಕಿಗಳಿಗೆಲ್ಲ ನಿಜ ಹೇಳ್ತಾನಂತೆ. ಅವರು ಒಪ್ಪಿದ್ರೆ ಪೆಟ್ಟಿಗೆ ಮೇಲೆ ನಾಲ್ಕು ಮನೆ ಹೆಸರೂ ಹಾಕ್ತಾನಂತೆ. ಒಪ್ಪದಿದ್ರೆ ಒಪ್ಪಂದ ಇಲ್ಲ. ಅಲ್ವಾರೊನೇ ನನಗೆ ಬಿಡಿಸಿ ಹೇಳಿದ." ಚಪ್ಪಲಿ ಕಳಚಿ, "ಮುಂದಿನ ಸಲ ಅವನ ಹತ್ರ ಮಾತಾಡೋಕೆ ನೀನು ಬರೋದು ಬೇಡ. ಅಲ್ವಾರೊ ಮಾತಾಡ್ತಾನೆ" ಎಂದಳು.

"ಸರಿ ಅಕ್ಕ."

ಇನ್ನೂ ಏನಾದರೂ ಹೇಳಲಿ ಎಂದು ಒರ್ನೆಲ್ಲಾ ಕಾದಳು. ಬೈಯಲಿ, ಹೊರಗೆ ಹೋಗು ಎನ್ನಲಿ. ಎಲಿಡೆ ಕಣ್ಣು ಮುಚ್ಚಿ ಕಾಲು ನೀವಿಕೊಳ್ಳುತ್ತಿದ್ದಳು.

"ದೊಡ್ಡ ಬೋಗುಣಿ ಎಲ್ಲಿಡೋದು ಅಕ್ಕ?"

"ಮೇಲಿನ ಕಪಾಟು. ಒರೆಸಿ ಇಡು."

ಒರ್ನೆಲ್ಲಾ ಬೋಗುಣಿಯನ್ನು ಒರೆಸಿದಳು. ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.