ಗುಂಡಿಯ ಮೇಲಿನ ಮುಚ್ಚಳ

ಅಂಗಡಿಯ ಕಂಪ್ಯೂಟರನ್ನು ಯಾರೂ ಆರಿಸಬಾರದೆಂದು ಅದರ ಗುಂಡಿಯ ಮೇಲೆ ಸೋಡಾ ಬಾಟಲಿಯ ಮುಚ್ಚಳ ಅಂಟಿಸಿದ್ದರು. ಆರಿಸಿದರೆ ಮತ್ತೆ ಏಳುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ. ಮುಚ್ಚಳ ಅಂಟಿಸಿದವನು ಅಂಗಡಿ ನಡೆಸುವವಳ ಗಂಡ. ಹನ್ನೊಂದು ವರ್ಷದ ಹಿಂದೆ ಆ ಪೆಟ್ಟಿಗೆ ತಂದು ಕೂರಿಸಿದವನೂ ಅವನೇ.

ಹೆಂಡತಿಯನ್ನು ಬೀದಿಯವರೆಲ್ಲ ಬೂಟಿನಕ್ಕ ಎನ್ನುತ್ತಿದ್ದರು. ಒಂದು ಕಾಲು ಗಿಡ್ಡ ಇರುವವರಿಗೆ, ಪಾದ ತಿರುಚಿಕೊಂಡವರಿಗೆ ಅಳತೆಗೆ ತಕ್ಕ ಬೂಟು ಮಾಡುವವಳು ಆ ಊರಿನಲ್ಲಿ ಅವಳೊಬ್ಬಳೇ. ಎಂಟುನೂರು ಜನರ ಪಾದದ ನಕ್ಷೆ ಆ ಪೆಟ್ಟಿಗೆಯೊಳಗಿತ್ತು.

ಆ ಸೋಮವಾರ ಬಸ್ ಕಂಡಕ್ಟರ್ ಗೋಡೆ ಹಿಡಿದುಕೊಂಡು ಬಂದ. ಅವನ ಎಡಗಾಲು ಎರಡು ಬೆರಳಿನಷ್ಟು ಗಿಡ್ಡ. ಹೊಸ ಬೂಟು ಒಯ್ದು ಒಂಬತ್ತು ದಿನವಾಗಿತ್ತಷ್ಟೇ. ಕಾಲುಚೀಲ ಕಳಚಿದ. ಹಿಮ್ಮಡಿಯಲ್ಲಿ ಹಸಿ ಗಾಯ.

"ಅಕ್ಕಾ, ಸಕ್ಕರೆ ಕಾಯಿಲೆ ಕಾಲು ಇದು. ಡಾಕ್ಟರು ಉಗಿದು ಕಳಿಸಿದ್ರು. ಮೂರು ವಾರ ಡ್ಯೂಟಿ ಇಲ್ಲ. ಇನ್ನೊಂದ್ಸಲ ಹೀಗಾದ್ರೆ ಕೆಲಸಾನೇ ಇಲ್ಲ ಅಂತಾರೆ."

ತಪ್ಪು ಯಾರದೆಂದು ಬೂಟಿನಕ್ಕನಿಗೆ ಗೊತ್ತಿತ್ತು. ಕಂಡಕ್ಟರ್ ಆಸ್ಪತ್ರೆಯಿಂದ ಪಾದದ ಹೊಸ ನಕ್ಷೆಯನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟಿದ್ದ. ಹಳೆಯ ಕಂಪ್ಯೂಟರ್ ಅದನ್ನು ತೆರೆಯಲೇ ಇಲ್ಲ. "ಪಾದ ಏನು ದಿನಾ ಬೆಳೆಯುತ್ತಾ? ಹಳೇ ಅಳತೆಗೇ ಹೊಲಿ" ಎಂದಿದ್ದ ಗಂಡ. ಅವಳು ಹೊಲಿದಿದ್ದಳು, ಆರು ವರ್ಷದ ಹಿಂದಿನ ಪಾದಕ್ಕೆ.

ಅಂದೇ ತಂಗಿಯನ್ನು ಕರೆಸಿದಳು. ತಂಗಿ ಕಂಪ್ಯೂಟರ್ ರಿಪೇರಿಯವಳು. ಬಾಯಿ ಸ್ವಲ್ಪ ಜೋರು.

"ಭಾವಾ, ಈ ಮುಚ್ಚಳ ಯಾವ ಇಂಜಿನಿಯರು ಕಂಡುಹಿಡಿದದ್ದು?"

"ನಗಬೇಡ. ಹನ್ನೊಂದು ವರ್ಷದಲ್ಲಿ ಒಂದು ದಿನ ಕೈಕೊಟ್ಟಿಲ್ಲ."

"ಕಂಡಕ್ಟರ್ ಹಿಮ್ಮಡಿ ನೋಡಿ ಈ ಮಾತು ಹೇಳಿ."

ಗಂಡ ಚರ್ಮ ಕೊಯ್ಯುವ ಕತ್ತಿ ಕೆಳಗಿಟ್ಟ. "ಆಯ್ತು. ಆದ್ರೆ ಇದಕ್ಕೆ ಇಂಟರ್ನೆಟ್ಟೇ ಹಾಕಿಲ್ಲ. ವೈರಸ್ಸಿನ ಕಾಟವಾದ್ರೂ ಇಲ್ಲ."

"ಬಂದವರೆಲ್ಲ ಪೆನ್‌ಡ್ರೈವ್ ಚುಚ್ಚಲ್ವಾ? ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ಹಾರುಹೊಡೆದಿದೆ! ಇದರ ಆಪರೇಟಿಂಗ್ ಸಿಸ್ಟಮ್ ತುಂಬಾ ಹಳೇದು. ಮಾಡಿದವರೇ ಅದರಲ್ಲಿ ವೈರಸ್ ನುಗ್ಗೋ ತೂತಿಗೆ ತೇಪೆ ಹಾಕೋದು ನಿಲ್ಲಿಸಿ ವರ್ಷಗಳಾದವು."

"ಹೊಸ ಸಿಸ್ಟಮ್ಮನ್ನ ಇದರಲ್ಲೇ ಹಾಕು ಮತ್ತೆ."

"ಪರೀಕ್ಷೆ ಮಾಡಿದೆ. ಕೆಲವು ಹಳೇ ಯಂತ್ರ ತಾಳಿಕೊಳ್ಳುತ್ತೆ. ಇದು ತಾಳಲ್ಲ. ಯಂತ್ರಾನೂ ಬದಲಾಗಬೇಕು."

"ಬದಲಾಯಿಸೋವಾಗ ಎಂಟುನೂರು ಪಾದ ಹೋದ್ರೆ?"

ಬೂಟಿನಕ್ಕನ ಭಯವೂ ಅದೇ. ಆದರೆ ಅವಳ ಕಣ್ಣೆದುರು ಆ ಹಿಮ್ಮಡಿ ಇತ್ತು. "ಇದು ತಾನಾಗಿ ಕಣ್ಣು ಮುಚ್ಚಿದ್ರೆ ಹೋಗಲ್ವೇನ್ರೀ? ನಾಳೆ ಅಂಗಡಿ ತೆರೆಯೋದು ಬೇಡ. ನಕಲು ತೆಗೆಯೋಣ."

ಮರುದಿನ ತಂಗಿ ಹೊಸ ಕಂಪ್ಯೂಟರ್ ತಂದಳು. ಎಲ್ಲ ನಕ್ಷೆಗಳನ್ನೂ ಎರಡು ಬೇರೆ ಡಿಸ್ಕುಗಳಿಗೆ ನಕಲು ಮಾಡಿ, ವೈರಸ್ ಇದೆಯೇ ಎಂದು ತಪಾಸಣೆ ಮಾಡಿದರು. ಅಷ್ಟು ಸಾಲದು, ಒಂದೊಂದನ್ನೂ ಹೊಸ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕೆಂದು ತಂಗಿ ಪಟ್ಟು ಹಿಡಿದಳು. ಗಂಡ ಹೆಸರು ಓದಿದ, ಬೂಟಿನಕ್ಕ ತೆರೆದಳು. ಹದಿನಾಲ್ಕು ತೆರೆಯಲಿಲ್ಲ.

"ನೋಡಿದ್ಯಾ? ನಾನು ಬಡ್ಕೊಂಡೆ!" ಎಂದು ಗಂಡ ಹಳೆಯ ಪೆಟ್ಟಿಗೆಯತ್ತ ಓಡಿದ. ಅಲ್ಲೂ ಆ ಹದಿನಾಲ್ಕು ತೆರೆಯಲಿಲ್ಲ. ಅವು ಯಾವಾಗಲೋ ಕೆಟ್ಟುಹೋಗಿದ್ದವು. ಎಲ್ಲ ಸರಿಯಿದೆಯೆಂದು ಅವನು ನಂಬಿಕೊಂಡೇ ಕೂತಿದ್ದ.

ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು, "ಹದಿನಾಲ್ಕು ಜನರನ್ನೂ ಕರೆಸಿ ನಾನೇ ಅಳತೆ ತಗೊಳ್ತೀನಿ" ಎಂದ.

ಆಮೇಲೆ ಕಂಡಕ್ಟರ್ ಆಸ್ಪತ್ರೆಯಿಂದ ತಂದಿದ್ದ ನಕ್ಷೆ ತೆರೆದರು. ಹೊಸ ಕಂಪ್ಯೂಟರಿನಲ್ಲಿ ಅದು ಒಂದೇ ಕ್ಷಣಕ್ಕೆ ಬಂತು. ಹಳೆಯ ಅಳತೆಗಿಂತ ಹಿಮ್ಮಡಿ ಅರ್ಧ ಬೆರಳು ಅಗಲವಾಗಿತ್ತು. ಬೂಟಿನಕ್ಕ ಆಗಲೇ ಚರ್ಮ ಎಳೆದುಕೊಂಡಳು.

ಗಂಡ ಕತ್ತಿಯ ತುದಿಯಿಂದ ಮುಚ್ಚಳ ಎಬ್ಬಿಸಿ ಗುಂಡಿ ಒತ್ತಿದ. ಪೆಟ್ಟಿಗೆಯೊಳಗಿನ ಫ್ಯಾನಿನ ಸದ್ದು ನಿಂತಿತು.

"ಇಷ್ಟು ವರ್ಷ ಈ ಗದ್ದಲದಲ್ಲೇ ಮಾತಾಡ್ತಿದ್ವಾ?" ಎಂದ.

"ಈಗಲೇ ಗುಜರಿಗೆ ಹಾಕಬೇಡಿ ಭಾವಾ, ಮೊದಲು ಅದರ ಡಿಸ್ಕ್ ಪೂರ್ತಿ ಅಳಿಸಿಕೊಡ್ತೀನಿ" ಎಂದಳು ತಂಗಿ. "ಜನರ ಪಾದ ಬೀದಿಪಾಲಾಗೋದು ಬೇಡ."

ಗಾಯ ಮಾಗಿದ ಮೇಲೆ ಕಂಡಕ್ಟರ್ ಹೊಸ ಬೂಟು ಹಾಕಿಕೊಂಡು ಡ್ಯೂಟಿಗೆ ಹೋದ. ಹತ್ತನೇ ದಿನ ಬಂದು ಕಾಲುಚೀಲ ಕಳಚಿ ತೋರಿಸಿದ. ಹಿಮ್ಮಡಿಯಲ್ಲಿ ಒಂದು ಗೀರೂ ಇರಲಿಲ್ಲ.

ನಿಮ್ಮ ಅಂಗಡಿಯಲ್ಲಿ, ಮನೆಯಲ್ಲಿ, ಆರಿಸಲು ಹೆದರುವಂಥ ಕಂಪ್ಯೂಟರ್ ಇದೆಯೇ? ಈ ವಾರವೇ ಅದರಲ್ಲಿರುವುದನ್ನು ಎರಡು ಕಡೆ ನಕಲು ಮಾಡಿ, ನಕಲನ್ನು ತೆರೆದು ನೋಡಿ. ಹೊಸ ಆಪರೇಟಿಂಗ್ ಸಿಸ್ಟಮ್ಮನ್ನು ಅದು ತಾಳುತ್ತದೆಯೇ ಎಂದು ತಿಳಿದವರನ್ನು ಕೇಳಿ. ತಾಳದಿದ್ದರೆ ಯಂತ್ರ ಬದಲಿಸಿ. ಹೊಸದಕ್ಕೆ ಬರುವ ಅಪ್‌ಡೇಟುಗಳನ್ನು ಮುಂದೂಡಬೇಡಿ. ಮುಚ್ಚಳವನ್ನು ನೀವೇ ಕೀಳಿ. ಪೆಟ್ಟಿಗೆ ತಾನಾಗಿ ಆರುವಾಗ ನಿಮ್ಮ ಅಪ್ಪಣೆ ಕೇಳುವುದಿಲ್ಲ.