ಆರನೇ ಕಲಮಿನ ಸಹಿ

ಗುಬ್ಬಿ ಸುಲಭಕ್ಕೆ ಒಪ್ಪುವವಳಲ್ಲ. ಹಾಸ್ಟೆಲಿನ ನಮ್ಮ ಕೋಣೆಯ ಕಿಟಕಿ ಎಷ್ಟು ತೆರೆದಿರಬೇಕು ಎಂಬುದಕ್ಕೂ ಎರಡು ವರ್ಷದಿಂದ ನನ್ನೊಡನೆ ಜಗ್ಗಾಡುತ್ತಿದ್ದಾಳೆ, ಇನ್ನೂ ತೀರ್ಮಾನವಾಗಿಲ್ಲ. ಅಂಥವಳು ಆ ಬುಧವಾರ ಮಧ್ಯಾಹ್ನ ಒಂದು ಗಂಟೆ ನಲವತ್ತೊಂದು ನಿಮಿಷಕ್ಕೆ "ಆಯ್ತು, ಒಪ್ಪಿದೆ" ಅಂದಾಗ ನನಗೆ ಗೊತ್ತಾಗಬೇಕಿತ್ತು. ಗೊತ್ತಾಯಿತು ಕೂಡ. ನಾನಿಲ್ಲಿ ಮುಚ್ಚಿಡಬಾರದ್ದು ಅದೊಂದೇ.

ನಾವು ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಕೊನೆಯ ವರ್ಷದವರು. ಪ್ರತಿ ವರ್ಷ ನಮ್ಮ ವಿಭಾಗದಲ್ಲಿ ಮೂರು ದಿನದ ಸಂಧಾನ ನಡೆಯುತ್ತದೆ. ಅದಕ್ಕೆ ಮೂವತ್ತು ಅಂಕ. ಇಲ್ಲದ ಒಂದು ನದಿ, ಅದರ ಮೇಲೆ ಕೆಳಗೆ ಇಲ್ಲದ ಎರಡು ದೇಶ, ಮೇಲ್ದಂಡೆ ಮತ್ತು ಕೆಳದಂಡೆ. ಚೀಟಿ ಎತ್ತಿ ಯಾರು ಯಾವ ದೇಶವೆಂದು ತೀರ್ಮಾನಿಸುತ್ತಾರೆ. ಫೋನುಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ ಕೊಡಬೇಕು. ಕೋಣೆಯಲ್ಲಿ ತಿನ್ನುವಂತಿಲ್ಲ. ಮೂರು ದಿನ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ, ದೇಶದ ಹೆಸರಿನಿಂದಲೇ ಮಾತಾಡಿಸಬೇಕು. ಊಟದ ಬಿಡುವು ಬೇಕಾದರೆ ಎರಡೂ ಕಡೆಯವರು ಒಪ್ಪಬೇಕು. ಇದನ್ನು ಕಟ್ಟಿದವರು ನಮ್ಮ ಮೇಷ್ಟ್ರು. ಪಾಠಕ್ಕೆ ಬರುವ ಮೊದಲು ಇಪ್ಪತ್ತು ವರ್ಷ ದೇಶದೇಶಗಳ ದೂತಾವಾಸಗಳಲ್ಲಿ ಕೆಲಸ ಮಾಡಿದ್ದವರು. "ಹೊಟ್ಟೆ ತುಂಬಿದವನು ಭಾಷಣ ಮಾಡ್ತಾನೆ, ಹಸಿದವನು ಸಹಿ ಹಾಕ್ತಾನೆ" ಎಂಬುದು ಅವರ ಮಾತು. ನಾವದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆವು.

ಮೇಲ್ದಂಡೆಗೆ ಗುಬ್ಬಿ ಒಬ್ಬಳೇ. ಅವಳ ಜೊತೆಗಾರ ಜ್ವರವೆಂದು ಮಲಗಿದ್ದ. ಕೆಳದಂಡೆಗೆ ನಾನು ಮತ್ತು ವಕೀಲ. ವಕೀಲನೇನೂ ವಕೀಲನಲ್ಲ. ಕ್ಯಾಂಟೀನಿನಲ್ಲಿ ಬೆಂಚಿನ ತುದಿಗೆ ಕೂರುವುದಕ್ಕೂ ವಾದ ಹೂಡುತ್ತಾನೆಂದು ಆ ಹೆಸರು ಬಿದ್ದಿತ್ತು. ಅವನಿಗೆ ಮಾತು, ನನಗೆ ಬರಹ. ಕರಡು ತಿದ್ದುವುದು, ನಡಾವಳಿ ಬರೆಯುವುದು ನನ್ನ ಕೆಲಸ. ಎಡಬದಿಗೆ ಗಂಟೆ ನಿಮಿಷ, ಬಲಬದಿಗೆ ಯಾರು ಏನೆಂದರು ಎಂಬುದು.

ಗುಬ್ಬಿಗೆ ಹನ್ನೊಂದನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ, ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಸಕ್ಕರೆ ಇಳಿದುಬಿಡುತ್ತದೆ. ವಿಭಾಗದಲ್ಲಿ ಇದು ಗೊತ್ತಿದ್ದುದು ನನಗೊಬ್ಬಳಿಗೇ.

"ಮೇಷ್ಟ್ರಿಗಾದ್ರೂ ಹೇಳೇ" ಅಂದಿದ್ದೆ ಮೊದಲ ದಿನ ಬೆಳಿಗ್ಗೆ.

"ಹೇಳಿದ್ರೆ ಅಯ್ಯೋ ಪಾಪ ಅಂತ ಐದು ಅಂಕ ಜಾಸ್ತಿ ಹಾಕ್ತಾರೆ. ನನಗೆ ಪಾಪದ ಅಂಕ ಬೇಡ. ನಿನ್ನ ಕಣ್ಣು ಇದೆಯಲ್ಲ ಸಿಸಿಟಿವಿ ಥರ, ಸಾಕು."

ನನ್ನ ಸ್ವಭಾವ ಹಾಗೇ. ಬಾಗಿಲ ಚಿಲಕವನ್ನು ಮೂರು ಸಲ ನೋಡುತ್ತೇನೆ, ಗ್ಯಾಸು ಆರಿದೆಯೇ ಎಂದು ಮೆಟ್ಟಿಲಿಳಿದ ಮೇಲೂ ಹತ್ತಿ ಬರುತ್ತೇನೆ. ಅವಳ ಸಕ್ಕರೆ ಇಳಿಯುವಾಗ ಏನಾಗುತ್ತದೆಂದು ಅವಳಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಮೊದಲು ಮೇಲ್ದುಟಿಯ ಮೇಲೆ ಬೆವರು. ಆಮೇಲೆ ಓದಿದ ಸಾಲನ್ನೇ ಮತ್ತೆ ಓದುತ್ತಾಳೆ. ಆಮೇಲೆ ಯಾರು ಏನಂದರೂ ಹೂಂ ಅನ್ನುತ್ತಾಳೆ. ಎರಡು ವರ್ಷದಲ್ಲಿ ನಾಲ್ಕು ಸಲ ನೋಡಿದ್ದೆ, ನಾಲ್ಕು ಸಲವೂ ಬಾಯಿಗೆ ಗ್ಲೂಕೋಸ್ ಬಿಲ್ಲೆ ಹಾಕಿ ತಲೆ ಸವರಿ ಕೂರಿಸಿದ್ದೆ. ಬಿಲ್ಲೆಗಳ ಡಬ್ಬಿ ಸದಾ ನನ್ನ ಕೈಚೀಲದಲ್ಲಿರುತ್ತಿತ್ತು. ಆ ದಿನವೂ ಇತ್ತು, ನನ್ನ ಕಾಲ ಬಳಿ.

ಮೂರನೇ ದಿನಕ್ಕೆ ಉಳಿದಿದ್ದು ಎರಡೇ ಕಲಮು. ಅದರಲ್ಲಿ ಆರನೆಯದೇ ಗಂಟು. ಬರಗಾಲದ ವರ್ಷದಲ್ಲಿ ತನ್ನ ಜಲಾಶಯ ಅರ್ಧ ಬರಿದಾಗಿದ್ದರೂ ಮೇಲ್ದಂಡೆ ನೀರು ಬಿಡಬೇಕು ಎಂದು ನಾವು ಬರೆದಿದ್ದೆವು.

"ನಮ್ಮ ಮಕ್ಕಳ ಗಂಟಲು ಒಣಗಿಸಿ ನಿಮ್ಮ ಗದ್ದೆ ನೆನೆಸೋಕೆ ಆಗಲ್ಲ ಕೆಳದಂಡೆಯವರೇ" ಎಂದು ಗುಬ್ಬಿ ಬೆಳಿಗ್ಗೆ ಮೇಜು ಕುಟ್ಟಿದ್ದಳು.

"ಮೇಲ್ದಂಡೆಯವರಿಗೆ ಮಕ್ಕಳೇ ಇಲ್ಲ. ದೇಶಾನೇ ಇಲ್ಲ" ಎಂದ ವಕೀಲ.

"ಇಲ್ಲದ ದೇಶದ ನೀರಿಗೆ ಮೂರು ದಿನದಿಂದ ಬಾಯಿ ಬಿಡ್ತಾ ಕೂತಿದೀರಲ್ಲ, ನಾಚಿಕೆ ಆಗಲ್ವಾ?"

ಮೂವರೂ ನಕ್ಕಿದ್ದೆವು.

ಒಂದು ಗಂಟೆಗೆ ಗುಬ್ಬಿ ಊಟದ ಬಿಡುವು ಕೇಳಿದಳು. ವಕೀಲ ಒಪ್ಪಲಿಲ್ಲ. ನನ್ನತ್ತ ನೋಡಿದಳು. ಅದು ಕೋಣೆಯ ಗೆಳತಿಯ ನೋಟವಾಗಿರಲಿಲ್ಲ, ಮೇಲ್ದಂಡೆಯ ನೋಟ ಎಂದು ನನಗೆ ನಾನೇ ಹೇಳಿಕೊಂಡೆ. "ಆರನೇ ಕಲಮು ಮುಗಿಸಿ ಏಳೋಣ" ಅಂದೆ. ಅವಳು ಹುಬ್ಬು ಹಾರಿಸಿ, "ಕುತಂತ್ರಿ" ಎಂದು ನಕ್ಕು ಕೂತಳು. ಅವಳು ಹಟಕ್ಕೆ ಕೂತಿದ್ದಳು, ನಾವೂ ಹಟಕ್ಕೆ ಕೂತೆವು.

ಒಂದು ಮೂವತ್ತಾರಕ್ಕೆ ಅವಳು ಐದನೇ ಕಲಮನ್ನು ಮತ್ತೊಮ್ಮೆ ಓದಿಸಿದಳು. ಅದು ಬೆಳಿಗ್ಗೆಯೇ ಇತ್ಯರ್ಥವಾಗಿತ್ತು. ನಾನು ಓದಿದೆ. "ಇನ್ನೊಂದು ಸಲ" ಅಂದಳು. ಮೇಲ್ದುಟಿಯ ಮೇಲೆ ಬೆವರು ಸಣ್ಣಗೆ ಹೊಳೆಯುತ್ತಿತ್ತು. ನಾನು ನೋಡಿದೆ. ನೋಡಿ, ಎಡಬದಿಗೆ ಗಂಟೆ ಬರೆದು, "ಮೇಲ್ದಂಡೆಯ ಕೋರಿಕೆಯಂತೆ ಐದನೇ ಕಲಮನ್ನು ಪುನಃ ಓದಲಾಯಿತು" ಎಂದು ಬಲಬದಿಗೆ ಬರೆದೆ.

ಒಂದು ನಲವತ್ತೊಂದಕ್ಕೆ ವಕೀಲ ಆರನೆಯದನ್ನು ಎತ್ತಿದ. ಅವಳು, "ಆಯ್ತು, ಒಪ್ಪಿದೆ" ಅಂದಳು.

ವಕೀಲ ಮೇಜಿನ ಕೆಳಗೆ ನನ್ನ ಪಾದ ತುಳಿದು, "ಬಾಯಿಗೆ ಬಂದ ತುತ್ತು, ಬೇಗ ಶುದ್ಧಪ್ರತಿ ಬರಿ" ಎಂದು ಪಿಸುಗುಟ್ಟಿದ.

"ಅವಳಿಗೆ ಸುಸ್ತಾಗಿರ್ಬೇಕು" ಅಂದೆ.

"ನಾಟಕ. ಮೊನ್ನೆ ನಾನು ಹೊಟ್ಟೆನೋವು ಅಂತ ಮಡಚಿಕೊಂಡು ಕೂತು ಹತ್ತು ನಿಮಿಷ ಗಿಟ್ಟಿಸ್ಲಿಲ್ವಾ? ಮೇಷ್ಟ್ರು ಶಹಬ್ಬಾಸ್ ಅಂದ್ರಲ್ಲ. ಅದನ್ನೇ ತಿರುಗಿಸ್ತಿದಾಳೆ. ಮೊದಲು ಸಹಿ."

ಅವನಿಗೆ ಅವಳ ಕಾಯಿಲೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅಷ್ಟರಲ್ಲಿ ಮೇಷ್ಟ್ರು ಬಾಗಿಲ ಸಂದಿಯಿಂದ ಒಳಬಂದು ಗೋಡೆಗೊರಗಿ ನಿಂತರು. ನನ್ನ ಕೈಯಲ್ಲಿದ್ದ ಶುದ್ಧಪ್ರತಿ ನೋಡಿ ಮೆಚ್ಚಿಗೆಯಿಂದ ತಲೆಯಾಡಿಸಿದರು. ಎರಡು ವರ್ಷದಲ್ಲಿ ಅವರು ನನಗೆ ತಲೆಯಾಡಿಸಿದ್ದು ಅದೇ ಮೊದಲು. ನಾನು ಇನ್ನಷ್ಟು ದುಂಡಗೆ ಬರೆಯತೊಡಗಿದೆ. ಬರೆಯುತ್ತಲೇ ಅವಳನ್ನು ನೋಡುತ್ತಿದ್ದೆ. ಇನ್ನು ನಾಲ್ಕು ಸಾಲು, ಸಹಿಯಾದ ಕೂಡಲೇ ಬಿಲ್ಲೆ ಕೊಟ್ಟರಾಯಿತು. ನಾನು ಯೋಚಿಸಿದ್ದು ಇದನ್ನೇ, ಇದೇ ಮಾತುಗಳಲ್ಲಿ.

ಒಂದು ಐವತ್ತೆರಡಕ್ಕೆ ಹಾಳೆಯನ್ನು ಅವಳ ಮುಂದೆ ತಳ್ಳಿ, "ಇಲ್ಲಿ, ಮೇಲ್ದಂಡೆಯವರೇ" ಎಂದು ಜಾಗ ತೋರಿಸಿದೆ. ಅವಳು ಮೂರು ಸಲ ಪೆನ್ನು ಊರಿದಳು. ಅಕ್ಷರಗಳು ಗೆರೆಯಿಂದಿಳಿದು ಹಾಳೆಯ ಅಂಚಿಗೆ ಹೋದವು. ವಕೀಲ ಚಪ್ಪಾಳೆ ತಟ್ಟಿದ. ನಾನು ಸಾಕ್ಷಿ ಸಹಿ ಹಾಕಿದೆ, ಮಸಿ ಒಣಗಲೆಂದು ಊದಿದೆ. ಆಮೇಲೆ ಕೈಚೀಲಕ್ಕೆ ಬಗ್ಗಿದೆ.

ಬಗ್ಗಿದಾಗ ಮೇಜಿನ ಕೆಳಗೆ ಅವಳ ಕಾಲುಗಳು ಕಂಡವು. ನೆಲವನ್ನು ಒದೆಯುತ್ತಿದ್ದವು. ಕುರ್ಚಿ ಹಿಂದಕ್ಕೆ ಬಿತ್ತು. ಒಂದು ಐವತ್ತೈದು. ಆ ಹೊತ್ತನ್ನು ನಾನು ಬರೆದುಕೊಳ್ಳಲಿಲ್ಲ, ಗೋಡೆಯ ಗಡಿಯಾರದಲ್ಲಿ ಕಂಡಿದ್ದು ಹಾಗೇ ಕಣ್ಣಿಗಂಟಿ ಕೂತಿದೆ.

"ಬಾಯಿಗೆ ಏನಾದ್ರೂ ಹಾಕು!" ಎಂದು ವಕೀಲ ಕಿರುಚಿದ. ಡಬ್ಬಿ ನನ್ನ ಕೈಯಲ್ಲೇ ಇತ್ತು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು. ಮೂರು ನಿಮಿಷ ಮುಂಚೆಯಾಗಿದ್ದರೆ ಹಾಕಬಹುದಿತ್ತು. ಅವಳನ್ನು ಮಗ್ಗುಲಾಗಿ ಮಲಗಿಸಿ, ತಲೆ ನೆಲಕ್ಕೆ ಬಡಿಯದಂತೆ ಹಿಡಿದುಕೊಂಡೆ. "ಸಕ್ಕರೆ ಕಾಯಿಲೆ ಸಾರ್, ಸಕ್ಕರೆ ಇಳಿದಿದೆ" ಅಂದೆ. ಮೇಷ್ಟ್ರು ಗೋಡೆ ಬಿಟ್ಟು ಬಂದರು. ಅವರ ಮುಖ ಸುಣ್ಣವಾಗಿತ್ತು. "ಯಾರೂ ಹೇಳ್ಲಿಲ್ಲವಲ್ಲ ನನಗೆ" ಅಂದರು. ಅವರ ಕಾರಿನಲ್ಲೇ ಆಸ್ಪತ್ರೆಗೆ ಒಯ್ದೆವು.

ತುರ್ತು ಚಿಕಿತ್ಸೆಯ ಬಾಗಿಲಲ್ಲಿ ಡಾಕ್ಟರಮ್ಮ ಕೈಗವಸು ಬಿಚ್ಚುತ್ತಾ ಹೊರಬಂದರು. "ಗ್ಲೂಕೋಸ್ ಏರಿಸಿದೀವಿ, ಅಳತೆ ಸರಿಹೋಗ್ತಿದೆ. ಆದ್ರೆ ಇನ್ನೂ ಎಚ್ಚರ ಆಗಿಲ್ಲ. ಬೀಳೋಕೆ ಮುಂಚೆ ಎಷ್ಟು ಹೊತ್ತಿಂದ ಹಾಗಿದ್ಲು? ಮಾತು ತೊದಲೋದು, ಮಂಕಾಗೋದು?"

"ಎರಡು ಮೂರು ನಿಮಿಷ ಇರ್ಬಹುದು ಡಾಕ್ಟ್ರೇ" ಎಂದರು ಮೇಷ್ಟ್ರು. "ಚೆನ್ನಾಗೇ ಮಾತಾಡ್ತಿದ್ಲು, ದಿಢೀರಂತ..."

ವಕೀಲ ತಲೆಯಾಡಿಸಿದ.

"ಇರ್ಬಹುದು ಅಂದ್ರೆ ಆಗಲ್ಲ ಸಾರ್. ಮಿದುಳಿಗೆ ಎಷ್ಟು ಹೊತ್ತು ಸಕ್ಕರೆ ಕಡಿಮೆ ಬಿತ್ತು ಅನ್ನೋದರ ಮೇಲೆ ನಾನು ಮುಂದಿನದು ನೋಡ್ಬೇಕು."

ಮೇಷ್ಟ್ರು ನನ್ನನ್ನು ನೋಡಿದರು. ಬೇಡ ಎಂದೂ ಅಲ್ಲ, ಹೇಳು ಎಂದೂ ಅಲ್ಲ. ನಡಾವಳಿ ಹಾಳೆ ನನ್ನ ಕೈಯಲ್ಲೇ ಮುದುಡಿಕೊಂಡಿತ್ತು, ಯಾವಾಗ ಎತ್ತಿಕೊಂಡೆನೋ ತಿಳಿಯದು.

"ಹತ್ತೊಂಬತ್ತು ನಿಮಿಷ" ಅಂದೆ. "ಒಂದು ಮೂವತ್ತಾರಕ್ಕೆ ಬೆವರು ಬಂತು. ನಲವತ್ತೊಂದಕ್ಕೆ ಮಂಕಾದ್ಲು. ಐವತ್ತೈದಕ್ಕೆ ಬಿದ್ಲು."

ಡಾಕ್ಟರಮ್ಮ ಹಾಳೆ ತೆಗೆದುಕೊಂಡು ಮೊದಲು ಎಡಬದಿಯನ್ನಷ್ಟೇ ಓದಿದರು. ಆಮೇಲೆ ಬಲಬದಿಯನ್ನೂ ಓದಿದರು. "ಇದನ್ನ ಬರೆದಿದ್ದು ಯಾರು?" ಎಂದರು. "ನಾನು" ಅಂದೆ. ಅವರು ಹಾಳೆಯನ್ನು ಇಟ್ಟುಕೊಂಡು ಒಳಹೋದರು.

ಗುಬ್ಬಿಯ ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮೂರೂವರೆಗೆ ಖಾಕಿ ಅಂಗಿಯಲ್ಲೇ ಓಡಿಬಂದರು, ಮೊಣಕೈವರೆಗೆ ಗ್ರೀಸು. ಮೇಷ್ಟ್ರು ಎದ್ದು ನಿಂತು ನಡೆದಿದ್ದನ್ನು ವಿವರಿಸಿದರು.

"ಏನು ಆಟ ಸಾರ್ ಇದು?"

"ಆಟ ಅಲ್ಲ. ಕಲಿಕೆಯ ಒಂದು ವಿಧಾನ. ನದಿ ನೀರಿನ ಒಪ್ಪಂದ..."

"ಯಾವ ನದಿ?"

"ನದಿ... ಇಲ್ಲ. ಕಲ್ಪನೆ."

ಅಣ್ಣ ಅವರನ್ನೇ ನೋಡಿದರು. ಬ್ರೇಕು ಹೋದ ಬಸ್ಸನ್ನು ರಸ್ತೆಗೆ ಬಿಟ್ಟವರನ್ನು ನೋಡುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದರು. "ನೀನಿದ್ಯಲ್ಲ ತಂಗಿ ಅಲ್ಲಿ? ನೀನಿದೀಯ ಅಂತ ತಾನೇ ಅಮ್ಮ ನಿಶ್ಚಿಂತೆಯಿಂದ ಇರೋದು. ನೀನು ನೋಡ್ಲಿಲ್ವಾ?"

ನೋಡಲಿಲ್ಲ ಎಂದುಬಿಡಬಹುದಿತ್ತು. ನಂಬುತ್ತಿದ್ದರು.

"ನೋಡ್ದೆ ಅಣ್ಣ."

"ಮತ್ತೆ?"

"ಸಹಿ ಆಗ್ಲಿ ಅಂತ ಕಾದೆ."

ಅವರು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರಿಗೆ ಅರ್ಥವೇ ಆಗಲಿಲ್ಲ. "ಏನು? ಏನಂದೆ?" ಎಂದು ಎರಡು ಸಲ ಕೇಳಿದರು. ಎರಡು ಸಲವೂ ಅದನ್ನೇ ಹೇಳಿದೆ. ಬೆಂಚಿನ ಮೇಲೆ ನನ್ನಿಂದ ಎರಡು ಆಳು ದೂರ ಕೂತು ಅಂಗೈಯ ಗ್ರೀಸನ್ನು ಪ್ಯಾಂಟಿಗೆ ಉಜ್ಜತೊಡಗಿದರು. ಬಿಟ್ಟು ಬಿಟ್ಟು ಉಜ್ಜುತ್ತಲೇ ಇದ್ದರು.

ಐದು ಗಂಟೆಯ ಹೊತ್ತಿಗೆ ನರ್ಸು ಬಂದು, ಕಣ್ಣು ಬಿಟ್ಟಿದ್ದಾಳೆ, ಒಬ್ಬರು ಬನ್ನಿ ಎಂದರು. ಅಣ್ಣ ಔಷಧಿ ತರಲು ಕೆಳಗಿಳಿದಿದ್ದರು. ನಾನು ಹೋದೆ. ಬುದ್ಧಿ ಪೂರ್ತಿ ಮರಳಿದೆಯೋ ಇಲ್ಲವೋ ಮಾತಾಡಿಸಿದರೇ ಗೊತ್ತಾಗುವುದೆಂದು ಡಾಕ್ಟರಮ್ಮ ಹೇಳಿದ್ದರು. ಮಂಚದ ಪಕ್ಕ ನಿಂತೆ.

"ಹೆಸರು ಹೇಳಮ್ಮ" ಎಂದರು ನರ್ಸು. ಹೇಳಿದಳು.

"ಇವತ್ತು ಯಾವ ವಾರ?"

"ಬುಧವಾರ."

"ಇವರು ಯಾರು?"

ಗುಬ್ಬಿ ಕತ್ತು ಹೊರಳಿಸಿ ನನ್ನನ್ನು ನೋಡಿದಳು. ತುಟಿ ಒಣಗಿತ್ತು, ಕಣ್ಣು ಮಾತ್ರ ಅವಳವೇ, ಕಿಟಕಿಗಾಗಿ ಜಗಳವಾಡುವ ಕಣ್ಣು. "ರೂಮ್‌ಮೇಟು" ಅಂದಳು. ನರ್ಸು ನಕ್ಕು, "ಎಲ್ಲಾ ಸರಿಯಾಗಿದೆ, ದೇವರು ದೊಡ್ಡವನು" ಎಂದು ಡಾಕ್ಟರಮ್ಮನನ್ನು ಕರೆಯಲು ಹೋದರು. ಮಂಚದ ಕಂಬಿ ಹಿಡಿದುಕೊಂಡೆ.

"ನಾನು ಸಹಿ ಹಾಕಿದ್ನಾ?" ಎಂದಳು.

"ಹೂಂ."

"ಆರನೇದಕ್ಕಾ?"

"ಹೂಂ."

ಒಂದೊಂದೇ ಸೇರಿಸಿಕೊಳ್ಳುತ್ತಿದ್ದಳು. ಅವಳ ತಲೆ ಎಂದಿಗಿಂತ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

"ಯಾವಾಗ ಗೊತ್ತಾಯ್ತು ನಿನಗೆ?"

"ಐದನೇದನ್ನ ಎರಡನೇ ಸಲ ಓದಿಸ್ದಾಗ."

ಅವಳು ಲೆಕ್ಕ ಹಾಕುವುದು ಕಾಣುತ್ತಿತ್ತು. ಐದನೆಯದು, ಆಮೇಲೆ ಆರನೆಯದು, ಆಮೇಲೆ ಶುದ್ಧಪ್ರತಿ. ನನ್ನ ಕೈಬರಹ ನಿಧಾನವೆಂದು ಅವಳಿಗೆ ಗೊತ್ತು. ಅಳುತ್ತಾಳೆಂದುಕೊಂಡೆ, ಬೈಯುತ್ತಾಳೆಂದುಕೊಂಡೆ, ತಮಾಷೆ ಮಾಡುತ್ತಾಳೆಂದು ಆಸೆಯೂ ಪಟ್ಟೆ.

"ಅಣ್ಣ ಬಂದಿದಾನಾ?"

"ಔಷಧಿ ತರೋಕೆ ಹೋಗಿದಾರೆ. ನಾನಿದೀನಲ್ಲ."

"ಅವನು ಬರೋವರೆಗೂ ನರ್ಸ್ ಇಲ್ಲಿರ್ಲಿ" ಎಂದಳು ಗುಬ್ಬಿ. "ಕರಿ."

ನಾನು ಹೊರಗೆ ಹೋಗಿ ನರ್ಸನ್ನು ಕರೆದೆ.